ಬ್ಯಾಟರಿ ವಿಮಾನ ಹತ್ತಿದ ಕಥೆ

ಬೆಳಗಿನ ಚಳಿಯಲ್ಲಿ ಹಟ ಹಿಡಿದು ನಿಂತ ಬಸ್ಸನ್ನು ಪ್ರಯಾಣಿಕರೇ ಇಳಿದು ತಳ್ಳಿ ಚಾಲೂ ಮಾಡಿದ ಅನುಭವ ನಮ್ಮಲ್ಲಿ ಬಹಳ ಮಂದಿಗೆ ಉಂಟು. ಬ್ಯಾಟರಿ ಸತ್ತ ಬಸ್ಸು ಹೆಚ್ಚೆಂದರೆ ರಸ್ತೆ ಬದಿಯಲ್ಲಿ ನಿಂತೀತು. ಅದೇ ಬ್ಯಾಟರಿ ಆಕಾಶದಲ್ಲಿ, ನಾಲ್ಕು ಸೀಟಿನ ಪುಟ್ಟ ವಿಮಾನವೊಂದರಲ್ಲಿ ಸತ್ತರೆ? ವಿಮಾನ ಬಿದ್ದೇ ಹೋಗುತ್ತದೆಯೇ?

ಸುಮಾರು ನೂರು ವರ್ಷಗಳ ಕಾಲ ಈ ಪ್ರಶ್ನೆಗೆ 'ಇಲ್ಲ' ಎಂಬುದೇ ಉತ್ತರವಾಗಿತ್ತು. ಹಾಗಿರುವಂತೆ ವಿಮಾನ ಕಟ್ಟಿದವರು ಬೇಕೆಂದೇ ನೋಡಿಕೊಂಡಿದ್ದರು. ಇತ್ತೀಚಿನ ಎರಡು ದಶಕಗಳಲ್ಲಿ ಆ ಉತ್ತರ ಅಷ್ಟು ಸರಳವಾಗಿ ಉಳಿದಿಲ್ಲ. ಇದು ಹೇಗಾಯಿತೆಂದು ತಿಳಿಯಬೇಕಾದರೆ ವಿಮಾನದ ಹುಟ್ಟಿದ ದಿನಕ್ಕೇ ಹೋಗಬೇಕು.

1903ರ ಡಿಸೆಂಬರ್ 17. ಅಮೆರಿಕದ ಕಿಟಿ ಹಾಕ್ ಬಳಿಯ ಮರಳು ದಿಬ್ಬಗಳಲ್ಲಿ ಕೊರೆಯುವ ಗಾಳಿ. ರೈಟ್ ಸೋದರರ ಯಂತ್ರದ ಎಂಜಿನ್ ಚಾಲೂ ಆಗಬೇಕಾದರೆ ಮೊದಲ ಕಿಡಿ ಎಲ್ಲಿಂದಲಾದರೂ ಬರಬೇಕಿತ್ತು. ಅದಕ್ಕೆಂದು ಅವರು ಡ್ರೈ ಸೆಲ್‌ಗಳನ್ನೂ ಒಂದು ಕಾಯಿಲನ್ನೂ ಸಿದ್ಧಮಾಡಿಕೊಂಡಿದ್ದರು. ಅವನ್ನು ಎಂಜಿನ್‌ಗೆ ಜೋಡಿಸಿ ಚಾಲೂ ಮಾಡುವುದು, ಎಂಜಿನ್ ಓಡತೊಡಗಿದ ಮೇಲೆ ತಂತಿ ಕಳಚುವುದು, ಇದು ಅವರ ಕ್ರಮ. ಆ ದಿನ ಓರ್ವಿಲ್ ರೈಟ್ 12 ಸೆಕೆಂಡು ಹಾರಿ 120 ಅಡಿ ದೂರ ಹೋದ. ಬ್ಯಾಟರಿ ಮಾತ್ರ ನೆಲದ ಮೇಲೆಯೇ ಉಳಿಯಿತು. ಮನುಷ್ಯ ಹತ್ತಿದ ಮೊದಲ ವಿಮಾನಕ್ಕೆ ಬ್ಯಾಟರಿ ಹತ್ತಲೇ ಇಲ್ಲ!

ಹಾಗಾದರೆ ಗಾಳಿಯಲ್ಲಿದ್ದಾಗ ಕಿಡಿ ಕೊಟ್ಟವರು ಯಾರು? ಎಂಜಿನ್ನೇ ತಿರುಗಿಸುತ್ತಿದ್ದ ಮ್ಯಾಗ್ನೆಟೋ ಎಂಬ ಸಾಧನ. ಇದನ್ನು ಅರ್ಥಮಾಡಿಕೊಳ್ಳಲು ಕಷ್ಟವಿಲ್ಲ. ಸೈಕಲ್ಲಿನ ಟೈರಿಗೆ ಒರಗಿ ತಿರುಗುವ ಡೈನಮೋ ದೀಪ ಉರಿಸುವುದನ್ನು ನೋಡದವರು ಯಾರು? ಲೂನಾ ಮೊಪೆಡ್ ಓಡಿಸಿದವರಿಗೂ ಗೊತ್ತು, ಅದರ ಕಿಡಿಗೆ ಬ್ಯಾಟರಿ ಬೇಕಿರಲಿಲ್ಲ. ಕಾಂತವೊಂದು ತಂತಿ ಸುರುಳಿಯ ಬಳಿ ತಿರುಗಿದರೆ ವಿದ್ಯುತ್ ಹುಟ್ಟುತ್ತದೆ. ಎಂಜಿನ್ ತಿರುಗುವವರೆಗೂ ಕಾಂತ ತಿರುಗುತ್ತದೆ, ಕಾಂತ ತಿರುಗುವವರೆಗೂ ಎಂಜಿನ್‌ಗೆ ಕಿಡಿ ಸಿಗುತ್ತದೆ. ಮೂರನೆಯವರ ಹಂಗಿಲ್ಲ. ರೈಟ್ ಸೋದರರ ಹಾರಾಟಕ್ಕೆ ಒಂದು ವರ್ಷ ಮೊದಲು, 1902ರಲ್ಲಿ, ಜರ್ಮನಿಯಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯ ಎಂಜಿನಿಯರ್ ಗಾಟ್‌ಲೋಬ್ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನು ರೂಪಿಸಿದ್ದ. ಮುಂದೆ ಅದೇ ಬಗೆಯದು ವಿಮಾನಗಳ ಪಾಲಿನ ಆಪ್ತಮಿತ್ರವಾಯಿತು.

ಬ್ಯಾಟರಿಯನ್ನು ದೂರವಿಡಲು ಆಗ ಇದ್ದ ಕಾರಣ ಸರಳ: ಭಾರ. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ, ಮತ್ತೆ ಮತ್ತೆ ಚಾರ್ಜು ಮಾಡಬಹುದಾದ ಬ್ಯಾಟರಿಯ ಒಳಗಿರುವುದು ಸೀಸದ ಫಲಕಗಳು ಮತ್ತು ಗಂಧಕಾಮ್ಲ. ಸೀಸ ಹೊತ್ತು ಹಾರುವುದೆಂದರೆ ಕಲ್ಲು ಕಟ್ಟಿಕೊಂಡು ಈಜಿದಂತೆ. ಆದರೆ ಭಾರದ ಕಾರಣ ಹಿಂದೆ ಸರಿದ ಮೇಲೂ ಮ್ಯಾಗ್ನೆಟೋ ಉಳಿಯಿತು. ಏಕೆಂದರೆ ಅಷ್ಟರಲ್ಲಿ ಅದು ಒಂದು ನಿಯಮವಾಗಿ ಬೇರೂರಿತ್ತು: ಎಂಜಿನ್ ಓಡುವುದಕ್ಕೂ ವಿಮಾನದ ಉಳಿದ ವಿದ್ಯುತ್ತಿಗೂ ಸಂಬಂಧವಿರಕೂಡದು. ಸಾಲದೆಂಬಂತೆ ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಎರಡು ಬೇರೆ ಬೇರೆ ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು.

ಈ ಏರ್ಪಾಟಿನಲ್ಲಿ ಒಂದು ವಿಚಿತ್ರವಿದೆ. ಮ್ಯಾಗ್ನೆಟೋ ತಾನಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಬೇಕಾದರೆ ಅದರ ವಿದ್ಯುತ್ತನ್ನು ಒಂದು ತಂತಿಯ ಮೂಲಕ ವಿಮಾನದ ಲೋಹದ ಮೈಗೆ ಹರಿಯಬಿಡಬೇಕು. ಸ್ವಿಚ್ಚನ್ನು 'ಆಫ್' ಮಾಡಿದಾಗ ಆಗುವುದು ಅಷ್ಟೇ. ಆ ತಂತಿ ಎಲ್ಲಾದರೂ ತುಂಡಾಗಿದ್ದರೆ ಸ್ವಿಚ್ ಏನೇ ಹೇಳಲಿ, ಮ್ಯಾಗ್ನೆಟೋ ಜೀವಂತ. ಹ್ಯಾಂಗರಿನಲ್ಲಿ ನಿಂತ ವಿಮಾನದ ಪ್ರೊಪೆಲ್ಲರನ್ನು ಯಾರೋ ಸುಮ್ಮನೆ ಎಳೆದರೆ ಎಂಜಿನ್ ಒಮ್ಮೆಗೇ ಚಾಲೂ ಆಗಿ ಕೈ ತೆಗೆದೀತು, ತಲೆಯನ್ನೂ ತೆಗೆದೀತು. ನಿಂತ ಪ್ರೊಪೆಲ್ಲರನ್ನೂ ತಿರುಗುವ ಪ್ರೊಪೆಲ್ಲರಿನಂತೆಯೇ ಕಾಣಬೇಕೆಂದು ಹಾರಾಟದ ಶಾಲೆಗಳಲ್ಲಿ ಮೊದಲ ದಿನವೇ ಹೇಳಿಕೊಡುವುದು ಇದಕ್ಕಾಗಿ.

ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಚಾಲೂ ಮಾಡುವುದೇ ಬಹುಕಾಲ ಪುಟ್ಟ ವಿಮಾನಗಳ ಪದ್ಧತಿ. ಕಾರುಗಳಲ್ಲಿ 1912ರ ಕ್ಯಾಡಿಲಾಕ್‌ನಿಂದಲೇ ಚಾರ್ಲ್ಸ್ ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ ಬಂದಿತ್ತು. ಆದರೆ 1938ರಲ್ಲಿ ಬಂದು, ಸಾವಿರಾರು ಮಂದಿಗೆ ಹಾರಾಟ ಕಲಿಸಿದ ಅಮೆರಿಕದ ಪೈಪರ್ ಕಬ್ ವಿಮಾನದಲ್ಲಿ ಬ್ಯಾಟರಿಯೂ ಇರಲಿಲ್ಲ, ಸ್ಟಾರ್ಟರೂ ಇರಲಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿದ 'ಪುಷ್ಪಕ್' ಕೂಡ ಇದೇ ಕುಲದ್ದು. ಇಬ್ಬರು ಕೂರುವ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿನ ಈ ವಿಮಾನ ದೇಶದ ಹಾರಾಟ ಕ್ಲಬ್ಬುಗಳಲ್ಲಿ ಒಂದು ತಲೆಮಾರಿಗೆ ರೆಕ್ಕೆ ಕಟ್ಟಿತು. ಒಳಗೆ ಕೂತವನು ಸ್ವಿಚ್ ಹಾಕಿ ಕೂಗುವುದು, ಹೊರಗೆ ನಿಂತವನು ಪ್ರೊಪೆಲ್ಲರನ್ನು ಜಗ್ಗಿ ಹಿಂದಕ್ಕೆ ಹಾರುವುದು, ಇದು ಅದರ ಬೆಳಗಿನ ಪೂಜೆ. ರಾಮಾಯಣದ ಪುಷ್ಪಕಕ್ಕೆ ಈ ತೊಂದರೆ ಇದ್ದಂತಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಪುಟ್ಟ ವಿಮಾನವನ್ನು ಕಾರಿನ ಹಾಗೆ ಮಾರುವ ಕನಸು ಹುಟ್ಟಿತು. ಟೈ ಕಟ್ಟಿದ ವ್ಯಾಪಾರಿ ಪ್ರೊಪೆಲ್ಲರ್ ಜಗ್ಗುತ್ತಾನೆಯೇ? ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗಬೇಕು, ರೇಡಿಯೋ ಬೇಕು, ರಾತ್ರಿ ಇಳಿಯಲು ದೀಪ ಬೇಕು. 1946ರ ಸೆಸ್ನಾ 140, ಆಮೇಲೆ 1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172 ಇವೆಲ್ಲ ಕೊಟ್ಟವು. ಹೀಗೆ ಬ್ಯಾಟರಿ ವಿಮಾನ ಹತ್ತಿತು. ಹತ್ತಿದ್ದು ಆಳಾಗಿ, ಯಜಮಾನನಾಗಿ ಅಲ್ಲ. ಎಂಜಿನ್‌ನ ಕಿಡಿ ಮ್ಯಾಗ್ನೆಟೋಗಳ ಕೈಯಲ್ಲೇ ಉಳಿಯಿತು.

ಈ ಆಳನ್ನು ಕಟ್ಟಿಹಾಕಿದ ಬಗೆಯನ್ನು, ಅಂದರೆ ಅದರ ವೈರಿಂಗನ್ನು, ಸ್ವಲ್ಪ ಹತ್ತಿರದಿಂದ ನೋಡುವುದು ಲೇಸು. ಮೇಲ್ನೋಟಕ್ಕೆ ಕಾರಿನದೇ ನಕಲು ಎನಿಸಿದರೂ ಪ್ರತಿ ತಿರುವಿನಲ್ಲೂ ಒಂದು ಅನುಮಾನ, ಒಂದು ಎಚ್ಚರಿಕೆ ಅಡಗಿದೆ.

ಕಾರಿನಲ್ಲಿ ಬ್ಯಾಟರಿಯ ದಪ್ಪ ತಂತಿ ನೇರವಾಗಿ ಸ್ಟಾರ್ಟರಿನತ್ತ ಹೋಗುತ್ತದೆ. ಕೀಲಿ ತೆಗೆದರೂ ಆ ತಂತಿಯಲ್ಲಿ ಜೀವವಿರುತ್ತದೆ. ವಿಮಾನದಲ್ಲಿ ಹಾಗಿಲ್ಲ. ಬ್ಯಾಟರಿಯ ಪಕ್ಕದಲ್ಲೇ ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ಕೂತಿರುತ್ತದೆ. ಒಳಗೆ ಒಂದು ತಂತಿ ಸುರುಳಿ. ಅದರಲ್ಲಿ ವಿದ್ಯುತ್ ಹರಿದರೆ ಅದು ಕಾಂತವಾಗಿ ತಾಮ್ರದ ತುಂಡೊಂದನ್ನು ಎಳೆದುಕೊಂಡು ದಾರಿ ಕೂಡಿಸುತ್ತದೆ. ಪೈಲಟ್‌ನ ಮುಂದಿರುವ 'ಮಾಸ್ಟರ್ ಸ್ವಿಚ್' ಮಾಡುವುದು ಇಷ್ಟೇ: ಆ ಸುರುಳಿಯ ಒಂದು ತುದಿಯನ್ನು ತೆಳುವಾದ ತಂತಿಯ ಮೂಲಕ ವಿಮಾನದ ಮೈಗೆ ಮುಟ್ಟಿಸುವುದು. ಸ್ಟಾರ್ಟರಿಗೆ ಹರಿಯುವ ನೂರಾರು ಆಂಪಿಯರ್ ವಿದ್ಯುತ್ ಪೈಲಟ್‌ನ ಹತ್ತಿರಕ್ಕೂ ಸುಳಿಯುವುದಿಲ್ಲ. ಆ ತೆಳು ತಂತಿ ತುಂಡಾದರೆ ಬ್ಯಾಟರಿ ತಾನಾಗಿ ಬೇರ್ಪಡುತ್ತದೆ. ಮ್ಯಾಗ್ನೆಟೋದ ತಂತಿಯ ಕಥೆ ನೆನಪಿದೆಯಲ್ಲವೇ? ಅಲ್ಲಿ ತಂತಿ ತುಂಡಾದರೆ ಜೀವ, ಇಲ್ಲಿ ತಂತಿ ತುಂಡಾದರೆ ಸಾವು. ಒಂದೇ ವಿಮಾನದಲ್ಲಿ ಒಂದಕ್ಕೊಂದು ವಿರುದ್ಧವಾದ ಈ ಎರಡು ತರ್ಕಗಳ ಉದ್ದೇಶ ಒಂದೇ. ಏನೇ ಕೆಟ್ಟರೂ ಎಂಜಿನ್ ಓಡುತ್ತಿರಬೇಕು, ಬೆಂಕಿ ಹಚ್ಚಬಲ್ಲ ಬ್ಯಾಟರಿ ದೂರವಾಗಬೇಕು. ಹಾರುವಾಗ ವೈರು ಸುಟ್ಟ ವಾಸನೆ ಬಂದರೆ ಪೈಲಟ್ ಮೊದಲು ಆಫ್ ಮಾಡುವುದು ಮಾಸ್ಟರ್ ಸ್ವಿಚ್ಚನ್ನೇ. ರೇಡಿಯೋ ಮೌನವಾಗುತ್ತದೆ, ದೀಪ ಆರುತ್ತವೆ. ಎಂಜಿನ್ ತನ್ನ ಪಾಡಿಗೆ ಗುಂಯ್‌ಗುಡುತ್ತಿರುತ್ತದೆ.

ಈ ಜಾಣತನಕ್ಕೂ ಒಂದು ಬೆಲೆಯುಂಟು. ಕಾಂಟ್ಯಾಕ್ಟರ್ ಮುಚ್ಚಿಕೊಂಡಿರುವಷ್ಟು ಹೊತ್ತೂ ಅದರ ಸುರುಳಿ ಬ್ಯಾಟರಿಯನ್ನೇ ಸ್ವಲ್ಪ ಸ್ವಲ್ಪವಾಗಿ ಹೀರುತ್ತದೆ. ಸಂಜೆ ಮಾಸ್ಟರ್ ಸ್ವಿಚ್ ಆಫ್ ಮಾಡಲು ಮರೆತರೆ ಮರುದಿನಕ್ಕೆ ಬ್ಯಾಟರಿ ಬರಿದು. ಅನುಭವಸ್ಥರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಾಲದ ಮೇಲಿನ ಮಿನುಗುವ ದೀಪದ ಸ್ವಿಚ್ಚನ್ನು ಸದಾ ಆನ್ ಸ್ಥಿತಿಯಲ್ಲೇ ಬಿಡುತ್ತಾರೆ. ಮಾಸ್ಟರ್ ಮರೆತರೆ ದೀಪ ಮಿನುಗುತ್ತಿರುತ್ತದೆ, ಮನೆಗೆ ಹೊರಟವರ ಕಣ್ಣಿಗೆ ಬೀಳುತ್ತದೆ.

ಇನ್ನು ಬ್ಯಾಟರಿಯ ಹೊಟ್ಟೆ ತುಂಬಿಸುವ ಮಾತು. ಸೀಸದ ಬ್ಯಾಟರಿಯ ಒಂದೊಂದು ಕೋಶ ತುಂಬಿದಾಗ ಸುಮಾರು 2.1 ವೋಲ್ಟ್. ಇಂಥ 6 ಕೋಶಗಳು ಸೇರಿದರೆ ನಾವು '12 ವೋಲ್ಟ್' ಎನ್ನುವ ಬ್ಯಾಟರಿ. ಅದರೊಳಕ್ಕೆ ವಿದ್ಯುತ್ ನುಗ್ಗಬೇಕಾದರೆ ಹೊರಗಿನ ಒತ್ತಡ ಅದಕ್ಕಿಂತ ಹೆಚ್ಚಿರಬೇಕು, ಸುಮಾರು 14 ವೋಲ್ಟ್. ಇದಕ್ಕಿಂತ ಹೆಚ್ಚಾದರೆ ಆಮ್ಲದ ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಗುಳ್ಳೆ ಏಳುತ್ತದೆ. ಕಡಿಮೆಯಾದರೆ ಫಲಕಗಳ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟಿ ಬ್ಯಾಟರಿ ನಿಧಾನವಾಗಿ ಕುರುಡಾಗುತ್ತದೆ. ಈ ಸಣ್ಣ ಅಂತರದಲ್ಲಿ ವೋಲ್ಟೇಜನ್ನು ಹಿಡಿದಿಡುವ ಕೆಲಸ ರೆಗ್ಯುಲೇಟರಿನದು. ಜಲಜನಕವೋ ಕಿಡಿ ತಾಗಿದರೆ ಸಿಡಿಯುವ ಅನಿಲ. ಆದ್ದರಿಂದ ಬ್ಯಾಟರಿಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಕೊಳವೆಯೊಂದರಿಂದ ಅದರ ಉಸಿರನ್ನು ವಿಮಾನದ ಹೊರಗೆ ಬಿಡುತ್ತಾರೆ. ಕೊಳವೆ ಕಟ್ಟಿಕೊಂಡು ಆಮ್ಲ ಒಳಗೆ ಸೋರಿದರೆ ಅಲ್ಯೂಮಿನಿಯಂ ಮೈ ತೂತಾಗುತ್ತದೆ. ಮೆಕ್ಯಾನಿಕ್‌ಗಳು ಅಲ್ಲಿ ಅಡಿಗೆ ಸೋಡಾ ಕದಡಿದ ನೀರಿನಿಂದ ತೊಳೆಯುವುದು ಆಮ್ಲದ ಹಲ್ಲು ಕೀಳಲಿಕ್ಕೆ.

ವಿದ್ಯುತ್ ಹುಟ್ಟಿಸುವ ಯಂತ್ರವಾಗಿ ಮೊದಲು ಇದ್ದದ್ದು ಜನರೇಟರ್. ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಬಹುತೇಕ ನಿದ್ದೆಮಾಡುತ್ತಿತ್ತು. 1960ರ ಹೊತ್ತಿಗೆ ಸಿಲಿಕಾನ್ ಡಯೋಡ್‌ಗಳು ಅಗ್ಗವಾದವು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಈ ಪುಟ್ಟ ಬಾಗಿಲುಗಳಿಂದಾಗಿ ಹಗುರವಾದ ಆಲ್ಟರ್ನೇಟರ್ ಸಾಧ್ಯವಾಯಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಾರುಗಳಿಗೆ ಅದು ಬಂದದ್ದು ಆಗಲೇ. ಅದೇ ದಶಕದಲ್ಲಿ ಪುಟ್ಟ ವಿಮಾನಗಳಿಗೂ ಬಂತು. 1978ರ ಮಾದರಿಯಿಂದ ಸೆಸ್ನಾ 172 ತನ್ನ ವೋಲ್ಟೇಜನ್ನೇ ಇಮ್ಮಡಿ ಮಾಡಿಕೊಂಡಿತು. ಅಷ್ಟೇ ಕೆಲಸಕ್ಕೆ ಅರ್ಧ ವಿದ್ಯುತ್ ಪ್ರವಾಹ ಸಾಕಾಗುವುದರಿಂದ ತಂತಿಗಳು ಸಣ್ಣವಾದವು, ಭಾರ ಇಳಿಯಿತು.

ಆದರೆ ಆಲ್ಟರ್ನೇಟರಿಗೆ ಒಂದು ದೌರ್ಬಲ್ಯ. ಹಳೆಯ ಜನರೇಟರಿನ ಕಬ್ಬಿಣದಲ್ಲಿ ಕಾಂತಶಕ್ತಿ ಒಂದಿಷ್ಟು ಉಳಿದಿರುತ್ತಿತ್ತು. ತಿರುಗಿಸಿದರೆ ಅದು ತಾನೇ ಎಚ್ಚರಗೊಳ್ಳುತ್ತಿತ್ತು. ಆಲ್ಟರ್ನೇಟರಿಗೆ ಎಚ್ಚರಗೊಳ್ಳಲು ಬ್ಯಾಟರಿಯಿಂದ ಒಂದು ಗುಟುಕು ವಿದ್ಯುತ್ ಬೇಕು. ಪೂರ್ತಿ ಸತ್ತ ಬ್ಯಾಟರಿ ಕಾಂಟ್ಯಾಕ್ಟರನ್ನು ಎಳೆಯಲಾರದು. ಕಾಂಟ್ಯಾಕ್ಟರ್ ಮುಚ್ಚದಿದ್ದರೆ ಆಲ್ಟರ್ನೇಟರಿಗೆ ಗುಟುಕು ಸಿಗದು. ಆಲ್ಟರ್ನೇಟರ್ ಏಳದಿದ್ದರೆ ಬ್ಯಾಟರಿಗೆ ಚಾರ್ಜಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ನಮ್ಮ ಗಾದೆಯ ಹಾಗೆ!

ಈ ಬಿಕ್ಕಟ್ಟಿನಿಂದ ಪಾರಾಗಲು ವಿಮಾನದ ಮೈಮೇಲೆ ಹೊರಗಿನ ವಿದ್ಯುತ್ ಪಡೆಯುವ ಸಾಕೆಟ್ ಇಡುತ್ತಾರೆ. ಪ್ಲಗ್ಗಿನಲ್ಲಿ ಎರಡು ದೊಡ್ಡ ಕಡ್ಡಿ, ಒಂದು ಚಿಕ್ಕದು. ಚಿಕ್ಕದು ಕೊನೆಗೆ ಮುಟ್ಟುತ್ತದೆ. ಧನ–ಋಣ ಸರಿಯಾಗಿದ್ದರೆ ಮಾತ್ರ ಅದು ರಿಲೇಯನ್ನು ಎಬ್ಬಿಸಿ ವಿದ್ಯುತ್ತನ್ನು ಒಳಗೆ ಬಿಡುತ್ತದೆ. ತಲೆಕೆಳಗಾಗಿ ಜೋಡಿಸಿದರೆ ಏನೂ ಆಗುವುದಿಲ್ಲ, ಏನೂ ಆಗದಿರುವುದೇ ಅದರ ಗುಣ. ಆದರೂ ಸತ್ತ ಬ್ಯಾಟರಿಗೆ ಈ ವಿದ್ಯುತ್ ಮುಟ್ಟುವಂತಿರಲಿಲ್ಲ, ನಡುವೆ ಕಾಂಟ್ಯಾಕ್ಟರ್ ಬಾಗಿಲು ಹಾಕಿಕೊಂಡಿದೆಯಲ್ಲ. ಮೆಕ್ಯಾನಿಕ್‌ಗಳು ಒಂದು ತುಂಡು ವೈರಿನಿಂದ ಆ ಬಾಗಿಲನ್ನು ದಾಟಿಸುತ್ತಿದ್ದರು. ಆಮೇಲೆ ಸೆಸ್ನಾದವರು ಆ ಕೆಲಸಕ್ಕೆ ಫ್ಯೂಸ್ ಇರುವ ಒಂದು ಪುಟ್ಟ ಅಡ್ಡದಾರಿಯನ್ನು ವೈರಿಂಗಿನಲ್ಲೇ ಸೇರಿಸಿದರು. ಹೊರಗಿನ ವಿದ್ಯುತ್ ಕೊಟ್ಟು ಮಾಸ್ಟರ್ ಸ್ವಿಚ್ ಹಾಕಿದರೆ ಸತ್ತ ಬ್ಯಾಟರಿಯ ಬಾಗಿಲೂ ತೆರೆದುಕೊಳ್ಳುತ್ತದೆ.

ಅನುಕೂಲ ನಿಜ. ಆದರೆ ಹೊರಗಿನ ವಿದ್ಯುತ್ತಿನಿಂದ ಎಂಜಿನ್ ಚಾಲೂ ಆದ ಕೂಡಲೆ ಬ್ಯಾಟರಿ ತುಂಬಿತೆಂದು ಅರ್ಥವಲ್ಲ. ಖಾಲಿ ಬ್ಯಾಟರಿ ತುಂಬಲು ಗಂಟೆಗಳು ಬೇಕು. ಮೀಟರಿನ ಮುಳ್ಳು ಸರಿಯಾದ ವೋಲ್ಟೇಜನ್ನೇ ತೋರಿಸುತ್ತಿರುತ್ತದೆ, ತೋರಿಸುವುದು ಆಲ್ಟರ್ನೇಟರಿನ ವೋಲ್ಟೇಜನ್ನು. ಹಳೆಯ ಬಗೆಯ ವಿಮಾನದಲ್ಲಿ ಈ ಭ್ರಮೆಯಿಂದ ಕೆಡುವುದು ರೇಡಿಯೋ, ದೀಪ ಇಷ್ಟೇ. ಎಂಜಿನ್ ಮ್ಯಾಗ್ನೆಟೋದ ಮಗು. ಎಂಜಿನ್ನೇ ವಿದ್ಯುತ್ತಿನ ಮಗುವಾದರೆ?

ಹೊಸ ಶತಮಾನದ ಆರಂಭದಲ್ಲಿ ಅದೇ ಆಯಿತು. ಆಸ್ಟ್ರಿಯದ ಡೈಮಂಡ್ ಕಂಪನಿಯ ಡಿಎ42 ಎರಡು ಎಂಜಿನ್ನಿನ ಚೆಲುವಾದ ವಿಮಾನ. ಅದಕ್ಕೆ ಕೂಡಿಸಿದ್ದು ಜರ್ಮನಿಯ ಟೀಲರ್ಟ್ ಡೀಸೆಲ್ ಎಂಜಿನ್. ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ, ಆದ್ದರಿಂದ ಮ್ಯಾಗ್ನೆಟೋವೂ ಇಲ್ಲ. ಇಂಧನ ಎಷ್ಟು, ಯಾವಾಗ, ಪ್ರೊಪೆಲ್ಲರಿನ ಅಲಗು ಯಾವ ಕೋನದಲ್ಲಿ ಎಂಬುದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಆ ಕಂಪ್ಯೂಟರಿಗೆ ಅನ್ನ ವಿಮಾನದ ವೈರಿಂಗಿನಿಂದಲೇ.

2007ರ ಮಾರ್ಚ್ 4ರಂದು ಜರ್ಮನಿಯ ಶ್ಪೈಯರ್ ವಿಮಾನ ನಿಲ್ದಾಣದಲ್ಲಿ ಇಂಥ ಒಂದು ವಿಮಾನದ ಬ್ಯಾಟರಿ ಬರಿದಾಗಿತ್ತು. ಹೊರಗಿನ ವಿದ್ಯುತ್ ಜೋಡಿಸಿ ಎಂಜಿನ್‌ಗಳನ್ನು ಚಾಲೂ ಮಾಡಲಾಯಿತು. ಮೊದಲ ಎಂಜಿನ್ನನ್ನು ಹಾಗೆ ಚಾಲೂ ಮಾಡಿ, ಎರಡನೆಯದನ್ನು ವಿಮಾನದ ಸ್ವಂತ ವಿದ್ಯುತ್ತಿನಿಂದಲೇ ಚಾಲೂ ಮಾಡಬೇಕೆಂಬುದು ಕೈಪಿಡಿಯ ಸೂಚನೆ. ಅದೊಂದು ಪರೀಕ್ಷೆಯೂ ಹೌದು; ಬ್ಯಾಟರಿಯಲ್ಲಿ ಕಸುವಿಲ್ಲದಿದ್ದರೆ ಅಲ್ಲೇ ಗೊತ್ತಾಗಿಬಿಡುತ್ತದೆ. ಅಂದು ಎರಡನೆಯದಕ್ಕೂ ಹೊರಗಿನ ವಿದ್ಯುತ್ತನ್ನೇ ಬಳಸಲಾಯಿತು. ವಿಮಾನ ಓಡಿತು, ಏರಿತು. ಪೈಲಟ್ ಚಕ್ರಗಳನ್ನು ಒಳಗೆಳೆದುಕೊಳ್ಳುವ ಲಿವರ್ ಸರಿಸಿದ. ಚಕ್ರ ಎತ್ತುವ ಪಂಪಿನ ಮೋಟಾರು ಒಮ್ಮೆಗೇ ವಿದ್ಯುತ್ ಎಳೆಯಿತು. ಇಂಥ ಹೊತ್ತಿನಲ್ಲಿ ಕೈಹಿಡಿಯಬೇಕಾದ ಬ್ಯಾಟರಿಯಲ್ಲಿ ಏನೂ ಇರಲಿಲ್ಲ. ವೋಲ್ಟೇಜ್ ಕ್ಷಣಮಾತ್ರ ಕುಸಿಯಿತು. ಕಂಪ್ಯೂಟರುಗಳಿಗೆ ಅಷ್ಟೇ ಸಾಕಾಯಿತು. ಎರಡೂ ಒಟ್ಟಿಗೆ ಕಣ್ಣುಮುಚ್ಚಿ ಮತ್ತೆ ತೆರೆದವು. ಅಷ್ಟರಲ್ಲಿ ಎರಡೂ ಪ್ರೊಪೆಲ್ಲರುಗಳ ಅಲಗುಗಳು ಗಾಳಿಗೆ ಅಂಚು ತಿರುಗಿಸಿ ನಿಂತಿದ್ದವು. ವಿಮಾನ ನಿಲ್ದಾಣದ ಸಮೀಪದಲ್ಲೇ ನೆಲಕ್ಕೆ ಬಿತ್ತು. ಯಾರ ಪ್ರಾಣವೂ ಹೋಗಲಿಲ್ಲವೆಂಬುದೇ ಸಮಾಧಾನ.

ಎರಡು ಎಂಜಿನ್ ಇಡುವುದೇ ಒಂದು ಕೆಟ್ಟರೆ ಇನ್ನೊಂದಿರಲೆಂದು. ಇಲ್ಲಿ ಎರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವು. ಪೈಲಟ್ ಕೈಪಿಡಿಯನ್ನು ಪಾಲಿಸಲಿಲ್ಲ ಎಂಬ ಮಾತು ಸರಿಯೇ. ಆದರೆ ಅರ್ಧ ಗಳಿಗೆಯ ಮರೆವಿಗೆ ಎರಡೂ ಎಂಜಿನ್ ನಿಲ್ಲುವಂಥ ವೈರಿಂಗ್ ಇಟ್ಟು ಪೈಲಟ್‌ನನ್ನು ಮಾತ್ರ ದೂರುವುದು ನ್ಯಾಯವೆನಿಸದು. ಅಧಿಕಾರಿಗಳಿಗೂ ಹಾಗೇ ಅನ್ನಿಸಿರಬೇಕು. ಆಮೇಲೆ ಎಂಜಿನ್ ಕಂಪ್ಯೂಟರುಗಳಿಗೆಂದೇ ಪ್ರತ್ಯೇಕ ಬ್ಯಾಟರಿಗಳನ್ನು ಸೇರಿಸಲಾಯಿತು.

ಈ ನಡುವೆ ಬ್ಯಾಟರಿಯೂ ಬದಲಾಗುತ್ತ ಬಂದಿದೆ. ಹಗುರವಾದ ಲಿಥಿಯಂ ಬ್ಯಾಟರಿಯ ಮುನಿಸು ಎಂಥದೆಂದು ಜಗತ್ತು ಕಂಡದ್ದು ದೊಡ್ಡ ವಿಮಾನದಲ್ಲಿ. 2013ರ ಜನವರಿಯಲ್ಲಿ ಜಪಾನಿನ ಎರಡು ಕಂಪನಿಗಳ ಬೋಯಿಂಗ್ 787 ವಿಮಾನಗಳಲ್ಲಿ, ಒಂದು ಬಾಸ್ಟನ್‌ನಲ್ಲಿ ನಿಂತಿದ್ದಾಗ, ಇನ್ನೊಂದು ಜಪಾನಿನ ಮೇಲೆ ಹಾರುತ್ತಿದ್ದಾಗ, ಬ್ಯಾಟರಿ ಕಾದು ಹೊಗೆಯಾಡಿತು. ಏರ್ ಇಂಡಿಯಾದವೂ ಸೇರಿ ಲೋಕದ 787ಗಳೆಲ್ಲ ತಿಂಗಳುಗಟ್ಟಲೆ ನೆಲ ಹಿಡಿದವು. ಕೊನೆಗೆ ಮಾಡಿದ ಏರ್ಪಾಟುಗಳಲ್ಲಿ ಮುಖ್ಯವಾದುದು ಬ್ಯಾಟರಿಗೊಂದು ಉಕ್ಕಿನ ಪೆಟ್ಟಿಗೆ, ಅದರಿಂದ ವಿಮಾನದ ಹೊರಕ್ಕೊಂದು ಕೊಳವೆ. ಸೀಸದ ಬ್ಯಾಟರಿಯ ಕಾಲದ ಹಳೆಯ ಬುದ್ಧಿಯೇ! ಇಷ್ಟಾದರೂ ಬ್ಯಾಟರಿಯ ನಡಿಗೆ ನಿಲ್ಲಲಿಲ್ಲ. ಸ್ಲೊವೇನಿಯದ ಪಿಪಿಸ್ಟ್ರೆಲ್ ಕಂಪನಿಯ ವೆಲಿಸ್ ಎಲೆಕ್ಟ್ರೋ ಎಂಬ ಎರಡು ಸೀಟಿನ ವಿಮಾನಕ್ಕೆ 2020ರ ಜೂನ್‌ನಲ್ಲಿ ಯೂರೋಪಿನ ಮಾನ್ಯತೆ ಸಿಕ್ಕಿತು. ಪೂರ್ತಿ ವಿದ್ಯುತ್ತಿನಿಂದಲೇ ಹಾರುವ ವಿಮಾನಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿ ಪೆಟ್ರೋಲೂ ಇಲ್ಲ, ಮ್ಯಾಗ್ನೆಟೋವೂ ಇಲ್ಲ; ಇರುವ ಇಂಧನವೇ ಬ್ಯಾಟರಿ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ 'ಹನ್ಸ' ತರಬೇತಿ ವಿಮಾನದಲ್ಲೂ ಇದೇ ಬದಲಾವಣೆಯನ್ನು ಕಾಣಬಹುದು. ಹನ್ಸ–3ರ ರೋಟ್ಯಾಕ್ಸ್ 914 ಎಂಜಿನ್ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿತ್ತು, ಆದರೆ ಪೆಟ್ರೋಲು ಮೇಲೆತ್ತುವ ಪಂಪಿಗೆ ವಿದ್ಯುತ್ ಬೇಕಿತ್ತು. 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಏರಿ ಸುಮಾರು 20 ನಿಮಿಷ ಹಾರಿದ ಹೊಸ ಹನ್ಸದಲ್ಲಿರುವುದು ಅದೇ ಕಂಪನಿಯ 912 ಐಎಸ್ ಎಂಜಿನ್. ಇದರಲ್ಲಿ ಕಿಡಿಯೂ ಇಂಧನವೂ ಕಂಪ್ಯೂಟರಿನ ಕೈಯಲ್ಲಿ. ವಿದ್ಯುತ್ ನಿಂತರೆ ಎಂಜಿನ್ ನಿಂತಿತು. ಆದ್ದರಿಂದಲೇ ಎಂಜಿನ್ನಿನ ಒಳಗೆ ಎರಡು ಜನರೇಟರುಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಒಂದರ ವಿದ್ಯುತ್ ಎಂಜಿನ್‌ಗೆ ಮಾತ್ರ ಮೀಸಲು, ಇನ್ನೊಂದರದು ರೇಡಿಯೋ, ದೀಪ, ಬ್ಯಾಟರಿಯ ಚಾರ್ಜಿಗೆ. ಮೊದಲನೆಯದು ಕೆಟ್ಟರೆ ಎರಡನೆಯದು ತಾನಾಗಿ ಎಂಜಿನ್ನಿನ ಸೇವೆಗೆ ನಿಲ್ಲುತ್ತದೆ, ಉಳಿದವು ಬ್ಯಾಟರಿಯ ಪಾಲಿಗೆ ಬೀಳುತ್ತವೆ. ಎರಡೂ ಕೆಟ್ಟರೆ ತುರ್ತು ಸ್ವಿಚ್ಚಿನಿಂದ ಬ್ಯಾಟರಿಯನ್ನೇ ಎಂಜಿನ್‌ಗೆ ಜೋಡಿಸಬಹುದು.

ನಿಂತ ಎಂಜಿನ್ನಿನಲ್ಲಿ ಜನರೇಟರೂ ನಿಂತಿರುವುದರಿಂದ ಇಲ್ಲೂ ಮೊದಲ ಕಿಡಿಗೆ ಬ್ಯಾಟರಿಯೇ ಬೇಕು. ಎಂಜಿನ್ ವೇಗ ಹಿಡಿದು ಒಳಗಿನ ಜನರೇಟರ್ ಎಚ್ಚರಗೊಂಡ ಮೇಲೆ ಕಂಪ್ಯೂಟರಿಗೆ ಬ್ಯಾಟರಿಯಿಂದ ಹೋಗುತ್ತಿದ್ದ ದಾರಿಯನ್ನು ಕಡಿದುಬಿಡುತ್ತಾರೆ. ಕಿಟಿ ಹಾಕ್‌ನಲ್ಲಿ ಮಾಡಿದ್ದೂ ಅದನ್ನೇ. ಈಗ ಆ ಪೆಟ್ಟಿಗೆಯನ್ನು ಕೆಳಗಿಳಿಸುವುದಿಲ್ಲ, ಅಷ್ಟೆ.